ಕ್ಯಾಮೆರಾದ ಹಿಂದಿನ ಜಾಗ

ಟಿವಿಯಲ್ಲಿ ನಮ್ಮವರೊಬ್ಬರ ಮುಖ ಕಂಡರೆ ಸಾಕು, ನಾವು ಹಿಗ್ಗುತ್ತೇವೆ. ಆಗೆಲ್ಲ ನಮಗೆ ಜಮೈಕಾದ ಬಾರ್ಬರಾ ಬ್ಲೇಕ್ ಹನ್ನಾ ನೆನಪಾಗುತ್ತಾರೆ.

1968ರಲ್ಲಿ ಲಂಡನ್ನಿನ ಥೇಮ್ಸ್ ಟೆಲಿವಿಷನ್ ಅವರನ್ನು ವರದಿಗಾರ್ತಿಯಾಗಿ ತೆರೆಗೆ ತಂದಿತು. ಕಪ್ಪು ಮುಖ ಬೇಡವೆಂದು ವೀಕ್ಷಕರ ದೂರುಗಳು ಬಂದವು. ಒಂಬತ್ತು ತಿಂಗಳಲ್ಲಿ ಕೆಲಸ ಹೋಯಿತು. ಮುಂದೆ ಬರ್ಮಿಂಗ್‌ಹ್ಯಾಮಿನಲ್ಲಿ ಕೆಲಸ ಸಿಕ್ಕಿತು, ಆದರೆ ತಂಗಲು ಹೋಟೆಲುಗಳು ಕೋಣೆ ಕೊಡಲಿಲ್ಲ. ಲಂಡನ್ನಿನಿಂದಲೇ ರೈಲಿನಲ್ಲಿ ಓಡಾಡಿದರು.

1972ರಲ್ಲಿ ಜಮೈಕಾಕ್ಕೆ ಮರಳಿದರು. ಮುಂದೆ ತಾವೇ ಚಿತ್ರ ನಿರ್ಮಿಸಿದರು, ನಿರ್ದೇಶಿಸಿದರು. ತಾವು ನಂಬಿದ ರಾಸ್ತಫಾರಿ ಪಂಥದ ಬಗ್ಗೆ 1982ರಲ್ಲಿ ಸಾಕ್ಷ್ಯಚಿತ್ರ ಮಾಡಿದರು, ಅದೂ ಬ್ರಿಟನ್ನಿನದೇ ಚಾನೆಲ್ 4ಕ್ಕೆ.

ಇನ್ನೊಬ್ಬರು ಕೊಟ್ಟ ಕುರ್ಚಿಯನ್ನು ಅವರೇ ಕಿತ್ತುಕೊಳ್ಳಬಹುದು. ನಮ್ಮ ಬದುಕಿನ ಕಥೆಯನ್ನು ಬೇರೆಯವರು ಹೇಳಿದಂತೆಯೇ ನೋಡುತ್ತ ಕೂತಿರುವ ನಾವು, ನಮ್ಮ ಮಕ್ಕಳಿಗೆ ಕ್ಯಾಮೆರಾ ಹಿಡಿಯುವುದನ್ನೂ ಕಲಿಸಬೇಕು.