ಸೊನ್ನೆ ಬೇರೆ, ಖಾಲಿ ಬೇರೆ

ಅಂಕಪಟ್ಟಿಯಲ್ಲಿ ಸೊನ್ನೆ ಇರುವುದು ಬೇರೆ, ಜಾಗ ಖಾಲಿ ಇರುವುದು ಬೇರೆ. ಸೊನ್ನೆ ಪಡೆದ ಹುಡುಗ ಪರೀಕ್ಷೆಗೆ ಬಂದಿದ್ದಾನೆ, ಗಂಟೆಗಟ್ಟಲೆ ಕೂತಿದ್ದಾನೆ, ಏನೋ ಗೀಚಿದ್ದಾನೆ. ಖಾಲಿ ಜಾಗದ ಹುಡುಗನ ವಿಷಯ ಯಾರಿಗೂ ತಿಳಿಯದು. ಜ್ವರ ಬಂದಿತ್ತೋ, ಬಸ್ಸು ತಪ್ಪಿತೋ, ಉತ್ತರಪತ್ರಿಕೆಯೇ ಕಳೆದುಹೋಯಿತೋ! ಅದಕ್ಕೇ ಅನುಭವಸ್ಥ ಮೇಷ್ಟರು ಅಲ್ಲಿ ಜಾಗ ಬಿಡದೆ ‘ಗೈರು’ ಎಂದು ಬರೆಯುತ್ತಾರೆ. ಖಾಲಿಯನ್ನು ಸೊನ್ನೆ ಎಂದುಕೊಂಡು ಸರಾಸರಿ ತೆಗೆದರೆ ಇಡೀ ತರಗತಿಯ ಲೆಕ್ಕವೇ ಕೆಡುತ್ತದೆ.

ಕಂಪ್ಯೂಟರಿಗೂ ಇದೇ ತೊಡಕು ಉಂಟು. ಅಲ್ಲಿ ಈ ಖಾಲಿಗೆ ‘ನಲ್’ ಎಂದು ಹೆಸರು. ಜಾವಾ, ಸಿ ಶಾರ್ಪ್‌ನಂಥ ಭಾಷೆಗಳಲ್ಲಿ ಪ್ರೋಗ್ರಾಂ ಬರೆಯುವವರು ಮಾಹಿತಿಯನ್ನು ‘ಆಬ್ಜೆಕ್ಟ್’ಗಳಾಗಿ ಜೋಡಿಸುತ್ತಾರೆ. ಆಬ್ಜೆಕ್ಟ್ ಒಂದು ಮನೆಯಿದ್ದಂತೆ. ಪ್ರೋಗ್ರಾಂ ಕೈಯಲ್ಲಿ ಇರುವುದು ಮನೆಯಲ್ಲ, ಆ ಮನೆಯ ವಿಳಾಸ ಮಾತ್ರ. ಅದಕ್ಕೆ ‘ರೆಫರೆನ್ಸ್’ ಎನ್ನುತ್ತಾರೆ. ವಿಳಾಸವನ್ನೇ ಬರೆಯದ ಲಕೋಟೆಯನ್ನು ಅಂಚೆಯಣ್ಣನ ಕೈಗೆ ಕೊಟ್ಟರೆ ಅವನು ಎಲ್ಲಿಗೆ ಹೋಗಬೇಕು? ಪ್ರೋಗ್ರಾಂ ಕೂಡ ಹಾಗೆಯೇ ದಿಕ್ಕು ತೋಚದೆ ನಿಂತುಬಿಡುತ್ತದೆ. ಜಾವಾ ಕಲಿಯುವ ಪ್ರತಿ ವಿದ್ಯಾರ್ಥಿಯೂ ಒಂದಲ್ಲ ಒಂದು ದಿನ ಪರದೆಯ ಮೇಲೆ ಕಾಣುವ ‘ನಲ್ ಪಾಯಿಂಟರ್ ಎಕ್ಸೆಪ್ಷನ್’ ಎಂದರೆ ಇದೇ.

ಈ ನಲ್ ಬಂದದ್ದಾದರೂ ಎಲ್ಲಿಂದ? ಬ್ರಿಟನ್ನಿನ ಟೋನಿ ಹೋರ್ ಗಣಕ ವಿಜ್ಞಾನದ ದೊಡ್ಡ ಹೆಸರು. ಹುಟ್ಟಿದ್ದು 1934ರಲ್ಲಿ, ಕೊಲಂಬೊದಲ್ಲಿ. ಪಟ್ಟಿಯನ್ನು ಬೇಗನೆ ಅನುಕ್ರಮವಾಗಿ ಜೋಡಿಸುವ ‘ಕ್ವಿಕ್‌ಸಾರ್ಟ್’ ವಿಧಾನ ಅವರದೇ. 1980ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದರು. ಅವರು 1965ರಲ್ಲಿ ‘ಆಲ್ಗಾಲ್ ಡಬ್ಲ್ಯು’ ಎಂಬ ಭಾಷೆಗೆ ರೆಫರೆನ್ಸ್‌ಗಳ ವ್ಯವಸ್ಥೆ ರೂಪಿಸುವಾಗ ನಲ್ ಅನ್ನೂ ಸೇರಿಸಿದರು. ಕಾರಣ ಬಹಳ ಸರಳ: ಅದನ್ನು ಅಳವಡಿಸುವುದು ಸುಲಭವಾಗಿತ್ತು! 2009ರಲ್ಲಿ ಲಂಡನ್ನಿನ ಸಮ್ಮೇಳನವೊಂದರಲ್ಲಿ ಅವರೇ ಇದನ್ನು ತಮ್ಮ ನೂರು ಕೋಟಿ ಡಾಲರ್‌ಗಳ ತಪ್ಪು ಎಂದು ಕರೆದುಕೊಂಡರು.

ಅದು ಬರಿಯ ವಿನಯದ ಮಾತಲ್ಲ. ಗೂಗಲ್ ಕ್ಲೌಡ್‌ಗೆ ಬರುವ ಕೋರಿಕೆಗಳಿಗೆ ಅನುಮತಿ ಇದೆಯೇ, ಮಿತಿ ಮೀರಿದೆಯೇ ಎಂದು ನೋಡುವ ಒಂದು ಪ್ರೋಗ್ರಾಂ ಇದೆ. 2025ರ ಮೇ 29ರಂದು ಅದಕ್ಕೆ ಹೊಸ ಭಾಗವೊಂದನ್ನು ಸೇರಿಸಿದರು. ಜೂನ್ 12ರಂದು ಕೆಲವು ಅಂಕಣಗಳು ಖಾಲಿಯಾಗಿದ್ದ ಮಾಹಿತಿ ಅದರ ಕೋಷ್ಟಕಕ್ಕೆ ಸೇರಿ, ಕೆಲವೇ ಕ್ಷಣಗಳಲ್ಲಿ ಜಗತ್ತಿನಾದ್ಯಂತ ಹರಡಿತು. ಖಾಲಿ ಸಿಕ್ಕರೆ ಏನು ಮಾಡಬೇಕೆಂಬುದು ಹೊಸ ಭಾಗಕ್ಕೆ ತಿಳಿದಿರಲಿಲ್ಲ. ಪ್ರೋಗ್ರಾಂ ಮತ್ತೆ ಮತ್ತೆ ಎದ್ದು ಮತ್ತೆ ಮತ್ತೆ ಬಿತ್ತು. ಅದನ್ನು ನಂಬಿಕೊಂಡಿದ್ದ ಅನೇಕ ಸೇವೆಗಳು ಸ್ತಬ್ಧವಾದವು. ಕಾರಣ ಹತ್ತೇ ನಿಮಿಷದಲ್ಲಿ ಸಿಕ್ಕಿತು; ಆದರೆ ಒಂದು ದೊಡ್ಡ ಕೇಂದ್ರ ಚೇತರಿಸಿಕೊಳ್ಳಲು ಸುಮಾರು ಎರಡು ಗಂಟೆ ನಲವತ್ತು ನಿಮಿಷ ಹಿಡಿಯಿತು.

ಇನ್ನು ಶಾಲೆಯ ಮಟ್ಟಕ್ಕೇ ಬರೋಣ. ಮಳೆಗೆ ಶಾಲೆ ಬೇಗ ಬಿಡುವ ದಿನ ಎಲ್ಲ ಪೋಷಕರಿಗೂ ಸಂದೇಶ ಕಳಿಸುವ ಪ್ರೋಗ್ರಾಂ ಒಂದನ್ನು ಊಹಿಸಿಕೊಳ್ಳಿ. ಅದು ವಿದ್ಯಾರ್ಥಿಯಿಂದ ಪೋಷಕರಿಗೆ, ಪೋಷಕರಿಂದ ಫೋನ್ ನಂಬರಿಗೆ ಹೋಗುತ್ತದೆ. ಮೂವತ್ತೇಳನೆಯ ಮಗುವಿನ ಪೋಷಕರ ವಿವರವನ್ನು ಯಾರೂ ತುಂಬಿಲ್ಲ. ಪ್ರೋಗ್ರಾಂ ಅಲ್ಲಿಗೇ ನಿಲ್ಲುತ್ತದೆ. ಮೂವತ್ತೆಂಟನೆಯವರಿಂದ ಮುಂದಕ್ಕೆ ಯಾರ ಮನೆಗೂ ಸುದ್ದಿ ಮುಟ್ಟುವುದಿಲ್ಲ. ಅವಸರದ ಪ್ರೋಗ್ರಾಮರ್ ದೋಷ ಬಂದರೆ ಸುಮ್ಮನೆ ಮುಂದೆ ಹೋಗು ಎಂದು ಬರೆದುಬಿಡಬಹುದು. ಆಗ ಪರದೆಯ ಮೇಲಿನ ದೋಷವೇನೋ ಮಾಯವಾಗುತ್ತದೆ, ಆದರೆ ಜೊತೆಗೆ ಆ ಮಗುವೂ ಪಟ್ಟಿಯಿಂದ ಮಾಯವಾಗುತ್ತದೆ. ಗೇಟಿನ ಬಳಿ ಅದು ಒಂಟಿಯಾಗಿ ನಿಂತಿರುವುದು ಯಾರಿಗೂ ಗೊತ್ತಾಗುವುದಿಲ್ಲ.

ಹಾಗಾದರೆ ಉಪಾಯವೇನು? ಮೊದಲನೆಯದು, ಬಾಗಿಲಲ್ಲೇ ವಿಚಾರಿಸುವುದು. ಆಬ್ಜೆಕ್ಟ್ ಹುಟ್ಟುವಾಗಲೇ ಅದಕ್ಕೆ ಬೇಕಾದ ಎಲ್ಲ ವಿವರ ಕೊಡಬೇಕು. ಇಲ್ಲದಿದ್ದರೆ ಹುಟ್ಟಲೇ ಬಿಡಬಾರದು. ದಾಖಲಾತಿಯ ದಿನವೇ ಪೋಷಕರ ನಂಬರು ಕೇಳಿದರೆ ಮಳೆಯ ದಿನ ಪರದಾಟವಿಲ್ಲ. ಎರಡನೆಯದು, ಪಟ್ಟಿ ಕೇಳಿದವರಿಗೆ ನಲ್ ಕೊಡದೆ ಖಾಲಿ ಪಟ್ಟಿಯನ್ನೇ ಕೊಡುವುದು. ಒಂದೂ ಪುಸ್ತಕವಿಲ್ಲದ ಕಪಾಟೂ ಕಪಾಟೇ, ಎಣಿಸಿದರೆ ಸೊನ್ನೆ ಸಿಗುತ್ತದೆ. ಕಪಾಟೇ ಇಲ್ಲದಿದ್ದರೆ ಎಣಿಸುವುದೆಲ್ಲಿ?

ಮೂರನೆಯದು, ಖಾಲಿ ಇರಬಹುದಾದ ಕಡೆ ಅದನ್ನು ಬಾಯಿಬಿಟ್ಟು ಹೇಳುವುದು. ಕೆಲವು ಮಕ್ಕಳಿಗೆ ಎರಡನೆಯ ಫೋನ್ ನಂಬರು ನಿಜಕ್ಕೂ ಇರುವುದಿಲ್ಲ. ಇಂಥ ಸಂದರ್ಭಕ್ಕೆಂದೇ 2014ರಲ್ಲಿ ಬಂದ ಜಾವಾ 8ರಲ್ಲಿ ‘ಆಪ್ಷನಲ್’ ಎಂಬ ಡಬ್ಬಿ ಸೇರಿತು. ಡಬ್ಬಿ ಕೈಗೆ ಬಂದಾಗ ಒಳಗೆ ಏನೂ ಇರದಿರಬಹುದು ಎಂಬ ಎಚ್ಚರ ತಾನಾಗಿಯೇ ಮೂಡುತ್ತದೆ. ಕಾಟ್ಲಿನ್ ಭಾಷೆ ಇನ್ನೂ ಕಟ್ಟುನಿಟ್ಟು. ಅಲ್ಲಿ ಮಾಹಿತಿಯ ಬಗೆಯ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕದ ಹೊರತು ಖಾಲಿ ಬಿಡುವಂತಿಲ್ಲ. ಹಾಕಿದ ಮೇಲೆ, ಖಾಲಿ ಇದ್ದರೇನು ಗತಿ ಎಂಬುದನ್ನೂ ಬರೆಯಲೇಬೇಕು. ಬರೆಯದಿದ್ದರೆ ಪ್ರೋಗ್ರಾಂ ಓಡುವ ಮೊದಲೇ ತಕರಾರು ಬರುತ್ತದೆ.

ವಿದ್ಯಾರ್ಥಿಗಳು ಇನ್ನೊಂದು ಮಾತು ನೆನಪಿಡಬೇಕು. ದೋಷ ಕಾಣಿಸಿಕೊಳ್ಳುವ ಸಾಲು ಬೇರೆ, ಖಾಲಿ ಹುಟ್ಟಿದ ಸಾಲು ಬೇರೆ. ಪರದೆ ತೋರಿಸುವುದು ಎಡವಿ ಬಿದ್ದ ಜಾಗವನ್ನು. ಕಲ್ಲು ಇಟ್ಟವರನ್ನು ಹುಡುಕಲು ಹಿಂದಕ್ಕೆ ನಡೆಯಬೇಕು. ಬಿದ್ದಲ್ಲೇ ಒಂದು ಸೊನ್ನೆ ತುರುಕಿ ಎದ್ದು ಹೋದರೆ ಲೆಕ್ಕ ಮುಗಿದಂತೆ ಕಾಣುತ್ತದೆ, ಸರಿಯಾಗಿರುವುದಿಲ್ಲ.

ಪೋಷಕರಿಗೂ ಒಂದು ಕಿವಿಮಾತು. ಮಗ ಅಥವಾ ಮಗಳ ಪರದೆಯ ಮೇಲೆ ಕೆಂಪಕ್ಷರ ಕಂಡರೆ ಗಾಬರಿ ಬೇಡ, ಗದರುವುದಂತೂ ಬೇಡವೇ ಬೇಡ. ತಿಳಿಯದ್ದನ್ನು ತಿಳಿದಂತೆ ನಟಿಸಿ ತಪ್ಪು ಉತ್ತರ ಕೊಡುವ ಪ್ರೋಗ್ರಾಮಿಗಿಂತ, ಇಲ್ಲಿ ಏನೋ ಇಲ್ಲ ಎಂದು ಹೇಳಿ ನಿಲ್ಲುವ ಪ್ರೋಗ್ರಾಂ ಎಷ್ಟೋ ವಾಸಿ. ಏನಿಲ್ಲ, ಏಕಿಲ್ಲ ಎಂದು ಮಕ್ಕಳು ತಾವೇ ಹುಡುಕಲಿ. ಆ ಹುಡುಕಾಟವೇ ಅವರ ನಿಜವಾದ ಪಾಠ.