ಮೀನಿಗೂ ಗೋತ್ರವುಂಟೆ?

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಹಳೆಯ ಮನೆಗಳಲ್ಲಿ ಮದುವೆಯ ಮಾತು ಹೊರಟಿತೆಂದರೆ, ಹುಡುಗನ ಸಂಬಳಕ್ಕಿಂತಲೂ ಮೊದಲು ವಿಚಾರಣೆಗೆ ಬರುವುದು ಗೋತ್ರ. ಜಾತಕಗಳು ಕೂಡಿದರೂ, ಹುಡುಗಿಯು ಇಂಪಾಗಿ ಹಾಡಿದರೂ, ಗೋತ್ರವು ಒಂದೇ ಆಯಿತೆಂದರೆ ಮಾತು ಅಲ್ಲಿಗೇ ನಿಲ್ಲುವುದು. ಅವೇ ಮನೆಗಳಲ್ಲಿ ಸೋದರಮಾವನಿಗೆ ಹೆಣ್ಣು ಕೊಡುವ ಪದ್ಧತಿಯೂ ಬಹುಕಾಲ ನಡೆದುಬಂದಿತೆಂಬುದನ್ನು ಮರೆಯಲಾಗದು. ತಂದೆಯ ಕಡೆಯ ಬಾಗಿಲಿಗೆ ಹಾಕಿದ ಬೀಗವನ್ನು ತಾಯಿಯ ಕಡೆಯ ಬಾಗಿಲಿಗೂ ಹಾಕಲು ಹಿರಿಯರು ಒಪ್ಪಲಿಲ್ಲ. ಅದು ಹೇಗಾದರೂ ಇರಲಿ. ವಧೂವರರ ವಿಷಯದಲ್ಲಿ ಕೇಳುವ ಈ ಪ್ರಶ್ನೆಯನ್ನು ಕೆರೆಯ ಮೀನಿನ ವಿಷಯದಲ್ಲಿಯೂ ಕೇಳಬೇಕಾಗಿದೆಯೆಂದರೆ ವಾಚಕರು ನಗಬಹುದು. ಮೀನನ್ನು ಅಡುಗೆಯ ಮನೆಗೆ ಸೇರಿಸದವರು ಇನ್ನೂ ಸ್ವಲ್ಪ ಹೆಚ್ಚಾಗಿಯೇ ನಗಬಹುದು. ಆದರೆ ವಿಷಯವು ನಗೆಯದಲ್ಲ.

ಕರ್ನಾಟಕದ ಕೆರೆಗಳಲ್ಲಿ ಸಾಕುವ ಮೀನುಗಳಲ್ಲಿ ಮುಖ್ಯವಾದವು ಕಾಟ್ಲಾ, ರೋಹು, ಮೃಗಾಲ್ ಎಂಬ ಮೂರು ಬಗೆಯ ಗೆಂಡೆಗಳು. ಇವು ಈ ನಾಡಿನ ಮೂಲನಿವಾಸಿಗಳಲ್ಲ. ಗಂಗೆ, ಬ್ರಹ್ಮಪುತ್ರ ಮೊದಲಾದ ಉತ್ತರದ ನದಿಗಳವು. ಕಾಶಿಗೆ ಹೋಗಿ ಗಂಗೆಯನ್ನು ತಂಬಿಗೆಯಲ್ಲಿ ತರುವವರು ತಮಗಿಂತ ಮುಂಚೆಯೇ ಗಂಗೆಯ ಮಕ್ಕಳು ಕನ್ನಡನಾಡಿನ ಕೆರೆಗಳಿಗೆ ಬಂದು ನೆಲಸಿರುವುದನ್ನು ಅಷ್ಟಾಗಿ ಗಮನಿಸಿರಲಾರರು. ಈ ಮೀನುಗಳು ನಿಂತ ನೀರಿನಲ್ಲಿ ಬೆಳೆಯುತ್ತವೆಯೇ ಹೊರತು ಮೊಟ್ಟೆಯಿಡುವುದಿಲ್ಲ. ಅದಕ್ಕೆ ಮಳೆಗಾಲದ ಹೊಸನೀರಿನ ಪ್ರವಾಹವೇ ಬೇಕು. ಆದಕಾರಣ ಹಿಂದೆ ನದಿಯಲ್ಲಿ ಹಿಡಿದ ಮರಿಗಳನ್ನೇ ತಂದು ಕೆರೆಗಳಿಗೆ ಬಿಡುತ್ತಿದ್ದರು. ನದಿಯಿಂದ ಬಂದ ಒಂದು ಕೊಡದ ಮರಿಗಳಲ್ಲಿ ಎಷ್ಟೋ ತಾಯಿತಂದೆಗಳ ಸಂತಾನವು ಬೆರೆತಿರುತ್ತಿತ್ತು.

1957ನೆಯ ಇಸವಿ ಜುಲೈ 10ರಂದು ಒರಿಸ್ಸಾದ ಅಂಗುಲಿನಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಯಿಟರಿ ಗ್ರಂಥಿಯ ಸಾರವನ್ನು ಸೂಜಿಯಿಂದ ಚುಚ್ಚಿ, ಈ ಗೆಂಡೆಗಳು ಕೊಳದಲ್ಲಿಯೇ ಮೊಟ್ಟೆಯಿಡುವಂತೆ ಮಾಡಿದರು. ಇಂದು ಊರೂರಿನ ರೈತನಿಗೂ ಮೀನುಮರಿ ದೊರೆಯುತ್ತಿರುವುದು ಆ ಮಹೋಪಕಾರದ ಫಲ. ಆದರೆ ಇಲ್ಲಿಯೇ ಒಂದು ಸೂಕ್ಷ್ಮವುಂಟು. ಹಸುವನ್ನು ಸಾಕುವವನು ನೂರು ಕರುಗಳು ಬೇಕಾದರೆ ನೂರು ಹಸುಗಳನ್ನಾದರೂ ಇಟ್ಟುಕೊಳ್ಳಲೇಬೇಕು. ಗೆಂಡೆಮೀನಾದರೋ ತನ್ನ ದೇಹದ ಒಂದು ಕಿಲೋಗ್ರಾಂ ತೂಕಕ್ಕೆ ಲಕ್ಷಕ್ಕೂ ಮೀರಿ ಮೊಟ್ಟೆಯಿಡುವುದು. ನಾಲ್ಕಾರು ತಾಯಿಮೀನುಗಳಿದ್ದರೆ ಒಂದು ಸೀಮೆಯ ಕೆರೆಗಳಿಗೆಲ್ಲ ಮರಿ ಹಂಚಬಹುದು. ಹೀಗಿರುವಾಗ ನೂರಾರು ತಾಯಿಮೀನುಗಳಿಗೆ ತೌಡು ಹಿಂಡಿಗಳನ್ನು ಹಾಕಿ ಯಾರು ಸಾಕಿಯಾರು? ಸಮೃದ್ಧಿಯೇ ಇಲ್ಲಿ ದಾರಿದ್ರ್ಯಕ್ಕೆ ಕಾರಣವಾಗುವುದು. ಕೆರೆಯ ತುಂಬ ಮೀನು. ಆದರೆ ಎಲ್ಲವೂ ಒಂದೆರಡು ಮನೆತನಗಳವು.

ಜೀವಶಾಸ್ತ್ರಜ್ಞರು ಇದಕ್ಕೆ ಒಂದು ಲೆಕ್ಕವನ್ನು ಕಟ್ಟಿದ್ದಾರೆ. ನೂರು ಹೆಣ್ಣುಮೀನುಗಳಿಗೆ ಒಂದೇ ಗಂಡನ್ನು ಬಳಸಿದರೆ, ತಲೆಯೆಣಿಕೆಯಲ್ಲಿ 101 ಮೀನುಗಳಾದರೂ ವಂಶದ ಲೆಕ್ಕದಲ್ಲಿ ಅವು ಬರಿಯ ನಾಲ್ಕಕ್ಕೆ ಸಮಾನ. ಏಕೆಂದರೆ ಪ್ರತಿಯೊಂದು ಮರಿಯ ಅರ್ಧ ಪಿತ್ರಾರ್ಜಿತವು ಆ ಒಬ್ಬ ತಂದೆಯದೇ. ಹೀಗೆ ಬರುವ ಸಂಖ್ಯೆಯ ಎರಡರಷ್ಟರಿಂದ ಒಂದನ್ನು ಭಾಗಿಸಿದರೆ ಒಂದು ತಲೆಮಾರಿನಲ್ಲಿ ಅಂತಃಪ್ರಜನನವು, ಎಂದರೆ ಒಳನಂಟಿನ ಸಂತಾನದ ಪ್ರಮಾಣವು, ಎಷ್ಟು ಏರುವುದೆಂಬುದು ತಿಳಿಯುವುದು. ನಾಲ್ಕಾದರೆ ಸೇಕಡಾ ಹನ್ನೆರಡೂವರೆ. 25 ಗಂಡು, 25 ಹೆಣ್ಣುಗಳಿದ್ದರೆ ಅದು ಸೇಕಡಾ 1 ಮಾತ್ರ. ಪ್ರತಿಯೊಂದು ಜೀವಿಯಲ್ಲಿಯೂ ಅಡಗಿರುವ ಕೆಲವು ದೋಷಗಳು ತಾಯಿಯ ಕಡೆಯಿಂದಲೂ ತಂದೆಯ ಕಡೆಯಿಂದಲೂ ಜೋಡಿಯಾಗಿ ಬಂದಾಗಲೇ ತಲೆಯೆತ್ತುತ್ತವೆ. ನಂಟು ಹತ್ತಿರವಾದಷ್ಟೂ ಅವು ಜೋಡಿಯಾಗುವ ಸಂಭವವು ಹೆಚ್ಚು. ಮರಿಗಳು ಸಾಯುವುದು, ಬೆನ್ನುಮೂಳೆ ಡೊಂಕಾಗುವುದು, ಬೆಳವಣಿಗೆ ಕುಗ್ಗುವುದು ಇದರ ಫಲ.

ಇದು ಕೇವಲ ಊಹೆಯಲ್ಲ. ಎ. ಇ. ಏಕನಾಥ್ ಮತ್ತು ಆರ್. ಡಬ್ಲ್ಯು. ಡಾಯ್ಲ್ ಎಂಬ ವಿಜ್ಞಾನಿಗಳು ಕರ್ನಾಟಕದ ಮೀನುಮರಿ ಉತ್ಪಾದನಾ ಕೇಂದ್ರಗಳನ್ನು ಪರಿಶೀಲಿಸಿ 1990ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅಂತಃಪ್ರಜನನದ ಏರಿಕೆಯು ಸೇಕಡಾ 2ರಿಂದ 17ರವರೆಗೆ ಇದ್ದಿತೆಂದು ತೋರಿಸಿದರು. ಪ್ರತಿ ಕೇಂದ್ರವೂ ತನ್ನ ಕೊಳದಲ್ಲಿ ಹುಟ್ಟಿದುದನ್ನೇ ಮತ್ತೆ ತಾಯಿಮೀನಾಗಿ ಇಟ್ಟುಕೊಂಡರೆ ಬೇರೇನಾದೀತು? ಇದರ ಮೇಲೆ ಇನ್ನೊಂದು ವಿಪರೀತ: ಚೆನ್ನಾಗಿ ಬೆಳೆದ ಮೀನು ಮೊದಲು ಸಂತೆಗೆ ಹೋದರೆ, ಕೊಳದಲ್ಲಿ ಉಳಿದ ಕುಳ್ಳುಮೀನೇ ಮುಂದಿನ ಪೀಳಿಗೆಯ ತಾಯಿಯಾಗುವುದು. ಒಳ್ಳೆಯ ಕಾಳನ್ನೆಲ್ಲ ಮಾರಿ ಜೊಳ್ಳನ್ನು ಬಿತ್ತನೆಗೆ ಇಟ್ಟುಕೊಳ್ಳುವ ರೈತನನ್ನು ಜನರು ಏನೆನ್ನುವರು? ಬಿತ್ತನೆಯ ರಾಗಿಗೆ ತೋರಿಸುವ ವಿವೇಕವನ್ನು ಮೀನಿಗೆ ತೋರಿಸಲು ಯಾರಿಗೂ ತೋಚಲಿಲ್ಲ.

ಇದಕ್ಕೆ ಪರಿಹಾರವು ದೂರದ ನಾರ್ವೆ ದೇಶದಿಂದ ಬಂದಿತೆಂಬುದು ಒಂದು ವಿನೋದ. ಆ ದೇಶದವರು ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ ಸಾಲ್ಮನ್ ಮೀನಿನ ತಳಿಯನ್ನು ಕಟ್ಟಲು ಹೊರಟಾಗ, ಕೈಗೆ ಸಿಕ್ಕಿದ ನಾಲ್ಕು ಮೀನುಗಳಿಂದ ಆರಂಭಿಸದೆ, ಸುಮಾರು 40 ನದಿಗಳಿಂದ ಮೀನುಗಳನ್ನು ಕೂಡಿಸಿ, ಪ್ರತಿ ಕುಟುಂಬವನ್ನೂ ಗುರುತಿಸಿ, ವಂಶಾವಳಿಯನ್ನು ಬರೆದಿಟ್ಟರು. ಅದೇ ಕ್ರಮವು 1992ರಿಂದ ಭುವನೇಶ್ವರದ ಸಿಹಿನೀರು ಮೀನು ಸಂಶೋಧನಾ ಸಂಸ್ಥೆಯಲ್ಲಿ ನಾರ್ವೆಯವರ ಸಹಕಾರದಿಂದ ರೋಹುವಿಗೆ ಅನ್ವಯಿಸಿತು. ಗಂಗಾ, ಯಮುನಾ, ಗೋಮತಿ, ಸಟ್ಲೆಜ್, ಬ್ರಹ್ಮಪುತ್ರ ಎಂಬ ಐದು ನದಿಗಳ ಮೀನುಗಳೂ ಸಂಸ್ಥೆಯ ಸಾಕುಮೀನುಗಳೂ ಸೇರಿ ಹುಟ್ಟಿದ ಈ ತಳಿಗೆ, ಸ್ವಾತಂತ್ರ್ಯದ ಸ್ವರ್ಣಮಹೋತ್ಸವದ 1997ರಲ್ಲಿ, 'ಜಯಂತಿ' ಎಂದು ನಾಮಕರಣವಾಯಿತು. ತಲೆಮಾರಿಗೆ ಸುಮಾರು ಸೇಕಡಾ 17ರಷ್ಟು ಬೆಳವಣಿಗೆಯು ಹೆಚ್ಚಿತು.

ಬೆಂಗಳೂರಿಗೆ ಇನ್ನೂ ಹತ್ತಿರದ ನಿದರ್ಶನವು ಹೆಸರಘಟ್ಟದ್ದು. ಒಂದು ಕಾಲದಲ್ಲಿ ಈ ನಗರಕ್ಕೆ ಕುಡಿಯುವ ನೀರನ್ನು ಕೊಟ್ಟ ಆ ಊರಿನಲ್ಲಿ ಮೀನುಗಾರಿಕೆಯ ಸಂಶೋಧನಾ ಕೇಂದ್ರವುಂಟು. 1957ರಲ್ಲಿಯೇ ಬ್ಯಾಂಕಾಕಿನಿಂದ ಭಾರತಕ್ಕೆ ಬಂದ ಸಾಮಾನ್ಯ ಗೆಂಡೆಯ ಸಂತತಿಯು ಕರ್ನಾಟಕದ ಕೆರೆಗಳಲ್ಲಿ ತೀರ ಎಳೆಯ ವಯಸ್ಸಿನಲ್ಲಿಯೇ ಬಸಿರಾಗಿ, ಬೆಳೆಯಬೇಕಾದ ಶಕ್ತಿಯನ್ನು ಮೊಟ್ಟೆಗೇ ವ್ಯಯಿಸುತ್ತಿತ್ತು. ಇಲ್ಲಿನ ವಿಜ್ಞಾನಿಗಳು ಬ್ರಿಟನ್ನಿನ ಸ್ಟರ್ಲಿಂಗ್ ವಿಶ್ವವಿದ್ಯಾನಿಲಯದವರೊಡನೆ ಕೂಡಿ ಈ ವ್ಯಾಧಿಯನ್ನು ಪರೀಕ್ಷಿಸಿದರು. ಹಂಗೇರಿಯಿಂದ 'ಅಮೂರ್' ಎಂಬ ಹೊಸ ತಳಿಯನ್ನು ತರಿಸಿ ಹೋಲಿಸಿ ನೋಡಿದರು. ಅದು ವೇಗವಾಗಿ ಬೆಳೆಯುವುದೆಂದು ಕಂಡಿತು; ಇಂದು ರೈತರು ಕೇಳಿ ಪಡೆಯುವ ಅಮೂರ್ ಗೆಂಡೆಯ ಮೂಲವು ಇದೇ.

ಹಾಗೆಂದು ಹೊರಗಿನದನ್ನು ತಂದು ಬೆರೆಸುವುದೆಲ್ಲವೂ ಲೇಸೆಂದು ತಿಳಿಯಬಾರದು. ಕಾವೇರಿಯ ಬೆನ್ನುಗೂನಿನ ಮಹಶೀರ್ ಮೀನು ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಆ ನದಿಗೆ ಲೋಣಾವಳದ ಕೇಂದ್ರದಲ್ಲಿ ಹುಟ್ಟಿದ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು ಸದುದ್ದೇಶದಿಂದಲೇ ವರ್ಷಗಟ್ಟಲೆ ಬಿಟ್ಟರು. ಬಂದ ಅತಿಥಿಯು ಮನೆಯನ್ನೇ ತುಂಬಿಕೊಂಡನು, ಮನೆಯವನಿಗೆ ಎಡೆಯಿಲ್ಲದಂತಾಯಿತು. 2018ರಲ್ಲಿ ವಿಜ್ಞಾನಿಗಳು ಆ ಗೂನುಬೆನ್ನಿನ ಮೀನಿಗೆ ಸರಿಯಾದ ಶಾಸ್ತ್ರೀಯ ನಾಮವನ್ನು ಗುರುತಿಸುವ ಹೊತ್ತಿಗೆ ಅದು ಅಳಿವಿನ ಅಂಚನ್ನು ಮುಟ್ಟಿದ್ದಿತು. ಕೊಳದ ತಳಿಗೆ ವೈವಿಧ್ಯವು ಬೇಕು; ನದಿಯ ಕುಲಕ್ಕೆ ಅದರ ಪ್ರತ್ಯೇಕತೆಯು ಉಳಿಯಬೇಕು. ಈ ಎರಡು ಧರ್ಮಗಳನ್ನು ಬೆರೆಸಿದರೆ ಎರಡಕ್ಕೂ ಹಾನಿ.

ಶೃಂಗೇರಿಯ ತುಂಗೆಯಲ್ಲಿಯೂ ರಾಮನಾಥಪುರದ ಕಾವೇರಿಯಲ್ಲಿಯೂ ದೇವರ ಮೀನುಗಳಿಗೆ ಪುರಿ ಹಾಕಿ ಕೈಮುಗಿದು ಬರುವ ಬೆಂಗಳೂರಿನ ಅಜ್ಜಿಯರು ಎಷ್ಟೋ ಮಂದಿ. "ಇವುಗಳನ್ನು ಹಿಡಿಯಬಾರದೇಕೆ ಅಜ್ಜಿ?" ಎಂದು ಮೊಮ್ಮಗನು ಕೇಳಿದರೆ, "ದೇವರದಪ್ಪಾ ಅದು, ಮುಟ್ಟಬಾರದು" ಎಂಬ ಉತ್ತರವು ಸಿದ್ಧವಾಗಿರುವುದು. ಆ ಉತ್ತರದ ಬಲದಿಂದ ನದಿಯ ಕೆಲವು ಮಡುಗಳಲ್ಲಿ ಮನುಷ್ಯನ ಕೈ ಸೋಂಕದ ಮೀನಿನ ಕುಲಗಳು ಇಂದಿಗೂ ಉಳಿದಿವೆ. ಕಣಜವು ಬರಿದಾದಾಗ ಬಿತ್ತನೆಯ ಕಾಳನ್ನು ಅಲ್ಲಿಂದಲೇ ತರಬೇಕಾಗುವುದು.

ಬೇಕಾದುದು ಬಹಳ ದೊಡ್ಡ ವೆಚ್ಚವೇನೂ ಅಲ್ಲ. ಪ್ರತಿ ಕೇಂದ್ರವೂ ತಾಯಿಮೀನುಗಳ ಲೆಕ್ಕವನ್ನು ಬರೆದಿಡಬೇಕು. ಗಂಡುಹೆಣ್ಣುಗಳನ್ನು ಸಮವಾಗಿ ಬಳಸಬೇಕು. ಕೇಂದ್ರಕೇಂದ್ರಗಳ ನಡುವೆ ಮೀನುಗಳನ್ನು ಕೊಟ್ಟು ತೆಗೆದುಕೊಳ್ಳಬೇಕು. ಸಂತೆಗೆ ಹೋಗುವ ಮೊದಲೇ ಒಳ್ಳೆಯದನ್ನು ಆರಿಸಿ ಇಡಬೇಕು. ಮಲ್ಲೇಶ್ವರದಲ್ಲಿ ಮದುವೆಗೆ ಮೊದಲು ಮೂರು ತಲೆಮಾರನ್ನು ವಿಚಾರಿಸುವ ತಾಳ್ಮೆಯುಳ್ಳ ಜನಕ್ಕೆ ಇದು ಹೊಸ ವಿದ್ಯೆಯಲ್ಲ. ಮರಿ ಕೊಳ್ಳುವ ರೈತನು ಬೆಲೆಯ ಜೊತೆಗೆ "ಇವುಗಳ ತಾಯಿಮೀನುಗಳು ಎಷ್ಟು, ಎಲ್ಲಿಂದ ಬಂದವು?" ಎಂದು ಕೇಳಲು ಕಲಿತರೆ, ಉತ್ತರ ಕೊಡುವವನೂ ಲೆಕ್ಕವನ್ನು ಇಡಲು ಕಲಿಯುವನು.