21 ಸೆಂಟಿಮೀಟರ್

ಗುರುವಾರ ತಂಗಿಯ ಜೊತೆ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋಗಬೇಕು. ಎರಡು ಹೆರಿಗೆಯಾದ ಮೇಲೆ ಎದೆ ಜೋತುಬಿದ್ದಿದೆ, ಎತ್ತಿಸಿಕೊಳ್ಳಬೇಕು ಅಂತಾಳೆ. 'ಯಾಕೆ?' ಅಂತ ಬಾಯಿಗೆ ಬಂದಿತ್ತು, ಕೇಳಲಿಲ್ಲ. ನಾನು ಹಲ್ಲಿಗೆ ತಂತಿ ಹಾಕಿಸಿಕೊಂಡಾಗ ನನ್ನನ್ನು ಯಾರೂ ಕೇಳಿರಲಿಲ್ಲ.

*

'ಹಾಲು ಕುಡಿಸಿದ್ದಕ್ಕೇ ಹೀಗಾಗಿದ್ದು.' ಅಮ್ಮ, ತಂಗಿಯ ಅತ್ತೆ, ಪಕ್ಕದ ಮನೆಯವರು, ಎಲ್ಲರದೂ ಒಂದೇ ರಾಗ. ಆದರೆ ಅಮೆರಿಕದ ಕೆಂಟಕಿಯಲ್ಲಿ ಬ್ರಯನ್ ರಿಂಕರ್ ಎಂಬ ಸರ್ಜನ್ ಲೆಕ್ಕ ಹಾಕಿ ನೋಡಿದಾಗ, ಹಾಲೂಡಿಸಿದವರಿಗೂ ಊಡಿಸದವರಿಗೂ ಫರಕೇ ಕಾಣಲಿಲ್ಲವಂತೆ. ವಯಸ್ಸು, ಎಷ್ಟು ಸಲ ಬಸಿರಾದರು, ಮೈತೂಕ, ಮೊದಲೇ ಎದೆ ಎಷ್ಟು ದೊಡ್ಡದಿತ್ತು, ಸಿಗರೇಟು ಸೇದುತ್ತಿದ್ದರೇ, ಇವೇ ಕಾರಣಗಳು. ಇಷ್ಟು ದಿನ ಸುಮ್ಮನೆ ಹಾಲುಗೂಸಿನ ಮೇಲೆ ಗೂಬೆ ಕೂರಿಸಿದ್ದೇವೆ.

*

ಜೋತುಬೀಳುವುದಕ್ಕೂ ದರ್ಜೆಗಳಿವೆ! ರೆನೋ ಎಂಬ ಸರ್ಜನ್ 1976ರಲ್ಲಿ ಬರೆದಿಟ್ಟದ್ದು. ತೊಟ್ಟು ಎದೆ ಕೆಳಗಿನ ಮಡಿಕೆಯ ಮಟ್ಟಕ್ಕೆ ಬಂದಿದ್ದರೆ ಒಂದನೆಯದು, ಅದಕ್ಕಿಂತ ಇಳಿದಿದ್ದರೆ ಎರಡನೆಯದು, ತೀರಾ ತಳದಲ್ಲಿ ನೆಲ ನೋಡುತ್ತಿದ್ದರೆ ಮೂರನೆಯದು. ತಂಗಿ ಬಾಗಿಲು ಹಾಕಿಕೊಂಡು ಕನ್ನಡಿ ಮುಂದೆ ನಿಂತು ಬಂದಳು.

'ಎರಡಿರಬೇಕು ಕಣಕ್ಕ. ಎಡಗಡೆ ಒಂದೂವರೆ.'

*

ಗಾಯದ ಗೆರೆಗಳದ್ದೇ ದೊಡ್ಡ ತಲೆನೋವು. ತೊಟ್ಟಿನ ಕಪ್ಪು ವೃತ್ತದ ಸುತ್ತ ಮಾತ್ರ ಕೊಯ್ದರೆ ಬಳೆಯ ಆಕಾರ. ಅಲ್ಲಿಂದ ಕೆಳಕ್ಕೊಂದು ಗೆರೆ ಸೇರಿದರೆ ಲಾಲಿಪಾಪ್. ಮಡಿಕೆಯುದ್ದಕ್ಕೂ ಅಡ್ಡಗೆರೆ ಬಂದರೆ ಹಡಗಿನ ಲಂಗರು. ಹೆಚ್ಚು ಇಳಿದಷ್ಟೂ ಹೆಚ್ಚು ಗೆರೆ. ಗೆರೆ ಕಡಿಮೆಯಿರಲಿ ಅಂತ ತೀರಾ ಇಳಿದಿದ್ದಕ್ಕೂ ಬಳೆಯನ್ನೇ ಹಿಡಿದು ಕೂತರೆ ಎದೆ ಚಪ್ಪಟೆಯಾಗುವುದು, ವೃತ್ತ ಅಗಲವಾಗುವುದು ಉಂಟಂತೆ.

ಲಂಗರಿನ ನಕ್ಷೆಯ ಮೂಲ ಗೊತ್ತಾಗಿ ನಗು ಬಂತು. 1956ರಲ್ಲಿ ರಾಬರ್ಟ್ ವೈಸ್ ಎಂಬ ಸರ್ಜನ್ ಅದನ್ನು ಮಾಡಿದ್ದು ಬ್ರಾ ಹೊಲಿಯುವ ಪ್ಯಾಟರ್ನ್ ನೋಡಿ. ನಮ್ಮ ಟೈಲರಮ್ಮ ಬ್ಲೌಸಿಗೆ ಟಕ್ಸ್ ಹಿಡಿಯುವುದೂ ಇದೇ ಲೆಕ್ಕ: ಹೆಚ್ಚಾದದ್ದನ್ನು ಮಡಚಿ ಹೊಲಿದರೆ ಉಬ್ಬು ತಾನಾಗಿ ಬರುತ್ತದೆ. ಅವಳ ಹೊಲಿಗೆ ಬಿಚ್ಚಬಹುದು, ಅಷ್ಟೇ ವ್ಯತ್ಯಾಸ.

*

ಎಲ್ಲಿಯವರೆಗೆ ಎತ್ತಬೇಕು? ನನಗೆ ಅರ್ಥವೇ ಆಗದ್ದು ಇದು. ದಕ್ಷಿಣ ಆಫ್ರಿಕದ ಸರ್ಜನ್ ಜ್ಯಾಕ್ ಪೆನ್ 1955ರಲ್ಲಿ ಹೆಂಗಸರ ಅಳತೆ ತೆಗೆದು, ಅವರಲ್ಲಿ ಚೆಂದ ಅನಿಸಿದವರನ್ನು ಆರಿಸಿ, ಕೊರಳ ಗುಳಿಯಿಂದ ತೊಟ್ಟಿಗೆ ಸುಮಾರು 21 ಸೆಂಟಿಮೀಟರ್ ಅಂದರು. ಚೆಂದ ಅನಿಸಿದ್ದು ಯಾರಿಗೆ? ಐದಡಿಯವಳಿಗೂ ಆರಡಿಯವಳಿಗೂ ಒಂದೇ ಲೆಕ್ಕವೇ? ನಾನೂ ಟೇಪು ಹಿಡಿದೆ. ಎಷ್ಟು ಬಂತೆಂದು ಬರೆಯುವುದಿಲ್ಲ.

*

ಡಾಕ್ಟರನ್ನು ಕೇಳಬೇಕಾದ್ದು. ಎಂ.ಸಿಎಚ್. ಅಥವಾ ಡಿ.ಎನ್.ಬಿ. ಪ್ಲಾಸ್ಟಿಕ್ ಸರ್ಜರಿ ಆಗಿದೆಯೇ? ಬೋರ್ಡಿನಲ್ಲಿ 'ಕಾಸ್ಮೆಟಿಕ್' ಅಂತಿದ್ದರೆ ಸಾಲದು. ತೊಟ್ಟಿನ ಸ್ಪರ್ಶ ಉಳಿಯುತ್ತದೆಯೇ? ಎತ್ತಿದರೆ ಜಾಗ ಬದಲಾಗುತ್ತದೆ, ಗಾತ್ರ ಹೆಚ್ಚುವುದಿಲ್ಲ. ಇದನ್ನು ತಂಗಿಗೆ ಇನ್ನೊಮ್ಮೆ ಅವರೇ ಹೇಳಲಿ. ಅಮ್ಮನಿಗೆ ಕಿವಿ ಚುಚ್ಚಿದಲ್ಲಿ ಗಾಯ ಮಾಗಿ ಗಂಟು ಎದ್ದಿತ್ತು. ಅದು ಮನೆತನದಲ್ಲಿ ಬರಬಹುದಾದದ್ದು, ಮರೆಯದೆ ಹೇಳಬೇಕು.

ಮತ್ತೊಂದು ಮಗು ಬೇಕಿದ್ದರೆ ಅದಾದ ಮೇಲೆಯೇ ಮಾಡಿಸಬೇಕಂತೆ. ಬಸಿರಾದರೆ ಮತ್ತೆ ಇಳಿಯಬಹುದು. ಓದಿ ಹೇಳಿದೆ. ತಂಗಿ ಗಂಡನ ಮುಖ ನೋಡಿದಳು, ಅವನು ಟಿವಿ ನೋಡಿದ.

ಗುರುವಾರ 11 ಗಂಟೆ. ಟೋಕನ್ ಸಂಖ್ಯೆ 7.